ಗಂಟಲಲ್ಲಿ ಉಳಿದ ಗೌಡರು

ಮತ್ತೊಂದು ಮಧ್ಯಂತರ ಚುನಾವಣೆ ಬಂದಿದೆ. ಅಣ್ಣಿಗೇರಿಯ ನಮ್ಮ ಅಂಗಡಿಗೆ ದಿನಕ್ಕೊಬ್ಬರಂತೆ ಮೈಕ್ ಸೆಟ್ಟು ಕೇಳಲು ಬರುತ್ತಿದ್ದಾರೆ. ಮೊನ್ನೆ ಶಲವಡಿಯಿಂದ ಬಂದಿದ್ದ ಒಬ್ಬ ಕಾರ್ಯಕರ್ತ ಬ್ಯಾಟರಿ ಎಷ್ಟು ತಾಸು ಬಾಳುತ್ತದೆ, ಹಾರ್ನು ಎಷ್ಟು ದೂರ ಕೇಳುತ್ತದೆ ಎಂದೆಲ್ಲ ವಿಚಾರಿಸಿ, ನಡುವೆ ಚಹಾ ಹೀರುತ್ತ, ನಮ್ಮೂರಿನ ಗಿರಣಿಯವರು ತೀರಿಹೋದರು ಎಂದ. ಹೇಳಿ ಮುಗಿಸಿದವನೇ ಮತ್ತೆ ಬಾಡಿಗೆಯ ಚೌಕಾಶಿಗೆ ಇಳಿದ. ನನಗೆ ಮೈಯೆಲ್ಲ ಉರಿದುಹೋಯಿತು. ಸೆಟ್ಟು ಖಾಲಿ ಇಲ್ಲ ಎಂದು ಹೇಳಿ ಕಳಿಸಿದೆ. ಸೆಟ್ಟು ಅವನ ಕಣ್ಣೆದುರಿಗೇ ಇತ್ತು.

ಗಿರಣಿಯವರ ಹೆಸರು ನಾನು ಬರೆಯುವುದಿಲ್ಲ. ಹೆಸರು ಕೆಡುವುದರ ಬಗ್ಗೆ ಅವರಿಗೆ ಇದ್ದಷ್ಟು ಅಂಜಿಕೆ ನಾನು ಇನ್ನೊಬ್ಬರಲ್ಲಿ ಕಂಡಿಲ್ಲ. ಬದುಕಿದ್ದಾಗ ಆ ಅಂಜಿಕೆ ಅವರನ್ನು ಸಾಕಷ್ಟು ತಿಂದಿದೆ. ಊರವರಿಗೆ ಅವರು ಗಿರಣಿಯವರು, ನನಗೆ ಗಿರಣಿ ಕಾಕಾ. ಅಷ್ಟು ಸಾಕು.

ಶಲವಡಿಯ ಹಿಟ್ಟಿನ ಗಿರಣಿ ಅವರದು. ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲಕ್ಕೂ ಜೋಳದ ಹಿಟ್ಟು ಮೆತ್ತಿಕೊಂಡು ನಿಂತಿರುತ್ತಿದ್ದರು. ತಲೆಯ ಮೇಲೆ ಪಕ್ಷದ ಬಿಳಿ ಟೊಪಿಗೆ. ಟೊಪಿಗೆ ಯಾವುದು, ಹಿಟ್ಟು ಯಾವುದು ತಿಳಿಯುತ್ತಿರಲಿಲ್ಲ. ಕತ್ತಲೆ ಕೋಣೆಯ ಒಳಗಿನಿಂದ ಆ ಬಿಳಿಯ ಮುಖ ಬಾಗಿಲಿಗೆ ಬಂದರೆ ಹೊಸದಾಗಿ ಮದುವೆಯಾಗಿ ಊರಿಗೆ ಬಂದ ಸೊಸೆಯರು ಬುಟ್ಟಿ ಬಿಟ್ಟು ಓಡಿದ್ದುಂಟು. ಎಂಜಿನ್ನು ಹೊಡೆದುಕೊಳ್ಳುವ ಸದ್ದಿನಲ್ಲೂ ಅವರ ಮಾತು ಬೀದಿಯ ತುದಿಗೆ ಕೇಳುತ್ತಿತ್ತು. ವರ್ಷಗಟ್ಟಲೆ ಎಂಜಿನ್ನಿನ ಜೊತೆ ಜಗಳಾಡಿ ಜಗಳಾಡಿ ಬೆಳೆದ ಗಂಟಲು ಅದು.

ನಮ್ಮದು ಮೈಕಿನ ಅಂಗಡಿ. ಮದುವೆ, ಉರುಸು, ನಾಟಕ, ಎಲೆಕ್ಷನ್, ಯಾರು ಕರೆದರೂ ಹೋಗುವವರು. ಹಾರ್ನಿಗೆ ಪಕ್ಷ ಇಲ್ಲ ಎಂದು ನಮ್ಮ ಅಬ್ಬಾ ಹೇಳುತ್ತಿದ್ದರು. ಕಾಕಾಗೆ ಈ ಮಾತು ಸ್ವಲ್ಪವೂ ಸೇರುತ್ತಿರಲಿಲ್ಲ. ಬೆಳಿಗ್ಗೆ ಒಬ್ಬರ ಜೀಪಿಗೆ, ಸಂಜೆ ಇನ್ನೊಬ್ಬರ ಜೀಪಿಗೆ ನಾನು ಹಾರ್ನು ಕಟ್ಟುವುದನ್ನು ನೋಡಿ, ಗಿರಣಿಗೆ ಕಲ್ಲು ಎರಡು ಇರಬೇಕು, ಮನುಷ್ಯಗೆ ಪಕ್ಷ ಒಂದೇ ಇರಬೇಕು ಎಂದು ಬೈಯುತ್ತಿದ್ದರು. ಅವರ ತಂಗಿಯ ಗಂಡ ಒಮ್ಮೆ ತಾಲೂಕು ಬೋರ್ಡಿಗೆ ಬೇರೆ ಪಕ್ಷದಿಂದ ನಿಂತಾಗ, ಇವರು ಮನೆಮನೆಗೆ ಹೋಗಿ ಭಾವನಿಗೆ ಮತ ಹಾಕಬೇಡಿ ಎಂದು ಕೈಮುಗಿದು ಬಂದರು. ಸಂಜೆ ಅದೇ ಭಾವನ ಮನೆಗೆ ಊಟಕ್ಕೂ ಹೋದರು. ತಂಗಿ ಮುಖ ತಿರುಗಿಸಿಕೊಂಡು ರೊಟ್ಟಿ ಬಡಿಸಿದಳಂತೆ. ರೊಟ್ಟಿ ಮಾತ್ರ ಮೆತ್ತಗಿದ್ದವು ಎಂದು ನಗುತ್ತ ಹೇಳುತ್ತಿದ್ದರು.

ಅವರ ಪಕ್ಷ ಎಂದರೆ ಗೌಡರು. ಶಲವಡಿಗೆ ಸಮೀಪದ ಒಂದು ಊರಿನ ಗೌಡರು ನಮ್ಮ ಶಾಸಕರಾಗಿದ್ದರು. ಎತ್ತರದ ಆಳು, ಕುದುರೆಯಿಂದ ಬಿದ್ದು ಬಲಗಾಲು ಸ್ವಲ್ಪ ಎಳೆದು ನಡೆಯುತ್ತಿದ್ದರು. ಅವರ ಭಾಷಣದಲ್ಲಿ ಭಾಷಣ ಕಡಿಮೆ. ಮೈಕು ಹಿಡಿದು ಒಂದು ಕೆಮ್ಮು ಕೆಮ್ಮಿ, "ಎಲ್ಲಾರೂ ಉಂಡ್ರೇನು?" ಎಂದು ಕೇಳುತ್ತಿದ್ದರು. ಜನ ಒಕ್ಕೊರಲಿನಿಂದ ಉಂಡ್ವಿರಿ ಎನ್ನುತ್ತಿದ್ದರು. ಉಣ್ಣದವರೂ ಅನ್ನುತ್ತಿದ್ದರು. ಆಮೇಲೆ ಯಾರ ಮನೆಯಲ್ಲಿ ಯಾರಿಗೆ ಜ್ವರ, ಯಾರ ಎಮ್ಮೆ ಈದಿದೆ, ಇಂಥ ಮಾತು. ಕೊನೆಗೆ ಮತ ಕೇಳುವುದು ಒಂದೇ ಮಾತಿನಲ್ಲಿ.

ಗೌಡರ ಕೊನೆಯ ಚುನಾವಣೆಯಲ್ಲಿ ಅವರ ಗಂಟಲು ಕೈಕೊಟ್ಟಿತು. ಹುಬ್ಬಳ್ಳಿಯ ಡಾಕ್ಟರು ಒಂದು ಶಬ್ದವನ್ನೂ ಆಡಕೂಡದು ಎಂದಿದ್ದರು. ಎದುರಾಳಿ ಗಟ್ಟಿಯಿದ್ದ. ಇನ್ನೂ ಅರ್ಧ ಹಳ್ಳಿಗಳು ಬಾಕಿ ಇದ್ದವು. ಆಗ ಗಿರಣಿ ಕಾಕಾ ಜೀಪಿನ ಹಿಂದೆ ಕುಳಿತು ತಾಡಪತ್ರಿಯನ್ನು ಎಲ್ಲ ಕಡೆ ಇಳಿಬಿಟ್ಟು, ನನ್ನ ಕೈಯಿಂದ ಮೈಕು ಇಸಿದುಕೊಂಡರು. ಟೊಪಿಗೆ ತೆಗೆದು ಬಾಜೂಕೆ ಇಟ್ಟರು. ಬೆನ್ನು ನೆಟ್ಟಗೆ ಮಾಡಿ, ಎಡಗೈಯನ್ನು ಮೊಣಕಾಲ ಮೇಲೆ ಊರಿ, ಒಂದು ಕೆಮ್ಮು ಕೆಮ್ಮಿದರು. ನಾನು ಮುಂದಿನ ಸೀಟಿನಲ್ಲಿದ್ದ ಗೌಡರ ಕಡೆ ನೋಡಿದೆ. ಕೆಮ್ಮಿದ್ದು ಅವರೇ ಎಂದುಕೊಂಡಿದ್ದೆ.

ಹೊರಗೆ ಜನ ಉಂಡ್ವಿರಿ ಎಂದರು.

ಆ ಚುನಾವಣೆ ಪೂರ್ತಿ ಹಾಗೆಯೇ ನಡೆಯಿತು. ಗೌಡರು ಮುಂದೆ ಕುಳಿತು ವೈರು ಜೋಡಿಸದ ಮೈಕನ್ನು ಬಾಯಿಗೆ ಹಿಡಿದುಕೊಳ್ಳುತ್ತಿದ್ದರು, ಮಾತು ಹಿಂದಿನಿಂದ ಹೋಗುತ್ತಿತ್ತು. ಗೌಡರು, ಕಾಕಾ, ನಾನು, ಡ್ರೈವರ್, ನಾಲ್ವರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಗೌಡರು ಗೆದ್ದರು. ಕಾಕಾ ಇದನ್ನೆಂದೂ ಆಟವೆಂದು ಮಾಡಿದವರಲ್ಲ. ಒಂದು ಸಲ ಗಿರಣಿಯಲ್ಲಿ ಯಾರೂ ಇಲ್ಲದಾಗ, ಗೌಡರ ಹಾಗೆ ಮಾತಾಡಿ ತೋರಿಸಿರಿ ಎಂದು ನಾನು ಪುಸಲಾಯಿಸಿದೆ. ಕೈಯಲ್ಲಿದ್ದ ಕಸಬರಿಗೆ ಎತ್ತಿ ನನ್ನನ್ನು ಅಟ್ಟಿದರು. ನನಗೆ ಮಾತ್ರ ಒಂದು ಸಂಗತಿ ಆಗಲೇ ಸರಿಬಂದಿರಲಿಲ್ಲ. ಮಾತು ಮುಗಿಸಿ ಜೀಪಿನಿಂದ ಇಳಿದ ಮೇಲೂ ಹತ್ತು ಹೆಜ್ಜೆ ಕಾಕಾ ಬಲಗಾಲು ಎಳೆದು ನಡೆಯುತ್ತಿದ್ದರು. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಅಷ್ಟಾದ ಮೇಲೆ ಕಾಲು ತಾನಾಗಿ ಸರಿಹೋಗುತ್ತಿತ್ತು.

ಗೌಡರ ಗಂಟಲು ಮತ್ತೆ ಸರಿಹೋಗಲೇ ಇಲ್ಲ. ಒಂದು ದಿನ ತೀರಿಕೊಂಡರು. ಅವರ ಜಾಗಕ್ಕೆ ಉಪಚುನಾವಣೆ ಇಂದು ನಾಳೆ ಎನ್ನುವಷ್ಟರಲ್ಲಿ ಮೇಲಿನ ನಾಯಕರು ಜಗಳಾಡಿ ಪಕ್ಷವೇ ಎರಡಾಯಿತು, ಅವಧಿ ಮುಗಿಯುವ ಮೊದಲೇ ವಿಧಾನಸಭೆಯೂ ವಿಸರ್ಜನೆಯಾಯಿತು. ಆ ದಿನಗಳನ್ನು ನೋಡಿದವರಿಗೆ ಗೊತ್ತು, ಒಡೆದದ್ದು ದಿಲ್ಲಿಯಲ್ಲಾದರೂ ಸದ್ದು ಕೇಳಿದ್ದು ನಮ್ಮ ಅಡಿಗೆಮನೆಗಳಲ್ಲಿ. ಅಣ್ಣ ಹಳೇ ಪಕ್ಷ, ತಮ್ಮ ಹೊಸ ಪಕ್ಷ. ಒಂದೇ ಬಾವಿಗೆ ಬೇರೆ ಬೇರೆ ಹೊತ್ತಿನಲ್ಲಿ ನೀರಿಗೆ ಹೋಗುವ ಓರಗಿತ್ತಿಯರು. ಗಿರಣಿಗೆ ಬಂದವರು ಕಾಕಾನನ್ನು ಕೆಣಕುತ್ತಿದ್ದರು: ಈಗ ನಿಮ್ಮ ಪಕ್ಷಕ್ಕೂ ಎರಡು ಕಲ್ಲು ಬಂದವು, ನಡುವೆ ಸಿಕ್ಕ ಕಾಳು ಯಾರು? ಕಾಕಾ ನಗುತ್ತಿರಲಿಲ್ಲ. ಹಳೇ ಪಕ್ಷದಲ್ಲೇ ಉಳಿದರು. ಉಳಿದರು ಎನ್ನುವುದೂ ತಪ್ಪು, ಅಲ್ಲಾಡಲೇ ಇಲ್ಲ.

ಗೌಡರ ಮಗ ಹೊಸ ಪಕ್ಷದ ಅಭ್ಯರ್ಥಿಯಾಗಿ ನಿಂತ. ಹಳೇ ಪಕ್ಷ ಹುಬ್ಬಳ್ಳಿಯ ಒಬ್ಬ ವಕೀಲರನ್ನು ನಿಲ್ಲಿಸಿತು. ಒಳ್ಳೆಯ ಮನುಷ್ಯ, ಆದರೆ ನಮ್ಮ ಹೊಲದಲ್ಲಿ ಕುಸುಬಿ ಯಾವುದು ಕಡಲೆ ಯಾವುದು ತಿಳಿಯದವರು. ಗೌಡರು ಬದುಕಿದ್ದರೆ ನಮ್ಮ ಕಡೆಗೇ ಇರುತ್ತಿದ್ದರು ಎಂದು ಎರಡೂ ಪಕ್ಷದವರು ಕಟ್ಟೆಕಟ್ಟೆಗೂ ಹೇಳುತ್ತಿದ್ದರು. ಪಕ್ಷ ಒಡೆಯುವ ಮೊದಲೇ ಹೋದ ಮನುಷ್ಯ. ಅವರ ಮನಸ್ಸಿನಲ್ಲಿ ಏನಿರುತ್ತಿತ್ತು ಎಂದು ಯಾರನ್ನು ಕೇಳುವುದು? ಹೀಗಾಗಿ ಪೈಪೋಟಿ ಅಗದಿ ಸಮಸಮ ಆಗಿ ನಿಂತುಬಿಟ್ಟಿತು.

ಗೌಡರ ಕೊನೆಯ ಚುನಾವಣೆಯ ಗುಟ್ಟನ್ನು ಹಳೆಯ ಡ್ರೈವರ್ ವಕೀಲರ ಮುಂದೆ ಬಾಯಿಬಿಟ್ಟದ್ದು ಆಗ. ವಕೀಲರು ಒಂದು ಮಧ್ಯಾಹ್ನ ನನ್ನನ್ನೂ ಕರೆದುಕೊಂಡು ಗಿರಣಿಗೆ ಬಂದರು. ಸಾಯುವ ಮುಂಚೆ ಗೌಡರು ಟೇಪಿನಲ್ಲಿ ಮಾತಾಡಿ ಇಟ್ಟಿದ್ದಾರೆ ಎಂದು ಜನಕ್ಕೆ ಹೇಳೋಣ, ನೀವು ತಾಡಪತ್ರಿಯೊಳಗೆ ಕುಳಿತು ಮಾತಾಡಿರಿ ಎಂದರು. ಕಾಕಾ ಎಂಜಿನ್ನು ಬಂದ್ ಮಾಡಿದರು. ಸತ್ತವರ ಬಾಯಲ್ಲಿ ಸುಳ್ಳು ತುರುಕುವುದು ತನ್ನಿಂದ ಆಗುವುದಿಲ್ಲ ಎಂದರು.

ವಕೀಲರು ಸಿಟ್ಟಾಗಲಿಲ್ಲ. ವಾದ ಮಾಡಿ ಒಪ್ಪಿಸುವುದೇ ಅವರ ಕೆಲಸವಲ್ಲವೆ. ಮೆತ್ತಗೆ ಕೇಳಿದರು, "ಗೌಡ್ರು ಇದ್ದಿದ್ರ ಪಕ್ಷ ಬಿಡ್ತಿದ್ರೇನ್ರಿ?"

"ಜೀವಾ ಬಿಡ್ತಿದ್ರು. ಪಕ್ಷಾ ಬಿಡ್ತಿದ್ದಿಲ್ರಿ."

"ಹಂಗಾರ ಇದು ಸುಳ್ಳ ಹ್ಯಾಂಗ ಆಕ್ಕೈತಿ?"

ಕಾಕಾ ಕುಳಿತು ಕಲ್ಲಿನ ಮೇಲಿನ ಹಿಟ್ಟು ಬಳಿಯತೊಡಗಿದರು. ಮಗ ದಾರಿ ತಪ್ಪಿದ್ದಾನೆ, ತಂದೆಯ ಮಾತನ್ನು ಊರಿಗೆ ಮುಟ್ಟಿಸುವುದು ತನ್ನ ಕೆಲಸ ಎಂದು ಅವರಿಗೆ ಅನ್ನಿಸಿರಬೇಕು. ಗೌಡರು ಪಕ್ಷ ಬಿಡುತ್ತಿರಲಿಲ್ಲ ಎನ್ನುವುದರ ಮೇಲೆ ಅವರ ಬದುಕೇ ನಿಂತಿತ್ತು. ಎದ್ದು ಟೊಪಿಗೆ ಝಾಡಿಸಿ ಹಾಕಿಕೊಂಡರು. ಬಾಗಿಲಲ್ಲಿ ಅವರ ಹೆಂಡತಿ, ನಾನು ಕಾಕು ಎನ್ನುತ್ತಿದ್ದವರು, ರೊಟ್ಟಿಯ ಗಂಟು ಹಿಡಿದು ನಿಂತಿದ್ದರು. "ಹೋದವ್ರನ್ನ ಹಂಗೆಲ್ಲಾ ಕರೀಬಾರ್ದು," ಎಂದಷ್ಟೇ ಹೇಳಿ ಗಂಟು ಕೊಟ್ಟರು.

ಮೊದಲ ಸಲ ಆ ಧ್ವನಿ ಹೊರಬಿದ್ದದ್ದು ಹಾಡಹಗಲು. ಹಿಂಗಾರಿ ಜೋಳದ ಸುಗ್ಗಿ. ನಮ್ಮ ಎರೆಹೊಲಗಳು ನಿಮಗೆ ಗೊತ್ತಿದ್ದರೆ ಗೊತ್ತು: ಕಣ್ಣು ಹರಿಯುವ ತನಕ ಸಪಾಟು, ಅಡ್ಡ ಒಂದು ಗಿಡ ಇಲ್ಲ. ಜೀಪು ಕಾಣುವ ಮುಂಚೆ ಹಾರ್ನಿನ ಮಾತು ಬಂದು ಮುಟ್ಟುತ್ತದೆ. ಬಿಸಿಲು ನೆಲದ ಮೇಲೆ ಕುಣಿಯುತ್ತಿತ್ತು. ದೂರದಲ್ಲಿ ಜೋಳ ಕೀಳುತ್ತಿದ್ದವರು ಚುಕ್ಕೆಗಳಂತೆ ಕಾಣುತ್ತಿದ್ದರು. ತಾಡಪತ್ರಿಯೊಳಗೆ ಕೆಮ್ಮು ಕೇಳಿಸಿತು. "ಎಲ್ಲಾರೂ ಉಂಡ್ರೇನು?"

ಬಾಗಿದ್ದವರೆಲ್ಲ ಎದ್ದು ನಿಂತರು. ಇಡೀ ಬಯಲಿನಲ್ಲಿ ಒಬ್ಬರೂ ಮಿಸುಕಲಿಲ್ಲ. ಜೀಪು ಬಂದರೆ ಓಡಿಬರುವ ಜನ, ಚೀಟಿ ಕೊಡಿ, ಬಿಲ್ಲೆ ಕೊಡಿ ಎಂದು ಕಾಡುವ ಜನ, ಅವತ್ತು ನಿಂತಲ್ಲೇ ನಿಂತಿದ್ದರು. ಒಬ್ಬ ಮುದುಕ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಎಲ್ಲಿಂದಲೋ, ಬಹಳ ಸಣ್ಣಗೆ, ಉಂಡ್ವಿರಿ ಎಂಬುದು ಕೇಳಿಸಿತು. ಇನ್ನೊಂದು ಕಡೆಯಿಂದ ಇನ್ನೊಂದು.

ಟೇಪಿನ ಕತೆಯನ್ನು ವಕೀಲರು ಊರೂರಿಗೆ ಹೇಳಿದರು. ಜನ ತಲೆಯಾಡಿಸಿದರು. ಆದರೆ ಟೇಪಿನ ಮುಂದೆ ನಡೆದುಕೊಳ್ಳುವಂತೆ ಅವರು ನಡೆದುಕೊಳ್ಳಲಿಲ್ಲ. ಒಂದೂರಿನಲ್ಲಿ ಒಬ್ಬ ಮುದುಕಿ ತಂಬಿಗೆಯಲ್ಲಿ ಮಜ್ಜಿಗೆ ತಂದು ತಾಡಪತ್ರಿಯ ಸಂದಿಯಿಂದ ಒಳಗೆ ಚಾಚಿದಳು. ಗೌಡರು ಆ ಊರಿಗೆ ಬಂದಾಗಲೆಲ್ಲ ಅವಳ ಮನೆಯ ಮಜ್ಜಿಗೆ ಕುಡಿಯುತ್ತಿದ್ದರಂತೆ. ಒಳಗಿನಿಂದ ಕೈ ಬಂದು ತಂಬಿಗೆ ಇಸಿದುಕೊಂಡಿತು. ಅವಳು ಮುಂಬೈಗೆ ಓಡಿಹೋದ ತನ್ನ ಮಗನ ಸುದ್ದಿ ಕೇಳಿದಳು, ಹುಡುಕಿಸಿ ಕೊಡುತ್ತೇನೆ ಅಂದಿದ್ದಿರಲ್ಲ ಎಂದಳು. ಚಿಂತೆ ಮಾಡಬೇಡ, ಅವನು ಅರಾಮ ಇದ್ದಾನೆ, ಬಟ್ಟೆ ಗಿರಣಿಯ ಕೆಲಸ ಬಿಟ್ಟು ಈಗ ಬಂದರಿನಲ್ಲಿ ಹಮಾಲಿ ಮಾಡುತ್ತಾನೆ ಎಂದು ಗೌಡರ ಧ್ವನಿ ಹೇಳಿತು. ಅವಳು ಖಾಲಿ ತಂಬಿಗೆ ಹಿಡಿದು ಅಳುತ್ತ ಹೋದಳು.

ಊರು ದಾಟಿದ ಮೇಲೆ ನಾನು ಕೇಳಿದೆ, ಆ ಮುದುಕಿಯ ಮಗನ ಸುದ್ದಿ ನಿಮಗೆ ಹೇಗೆ ಗೊತ್ತು? ಗಿರಣಿಗೆ ಊರ ಸುದ್ದಿ ಎಲ್ಲ ಬರುತ್ತದೆ, ಅಲ್ಲಿ ಕೇಳಿರಬಹುದು ಎಂದು ನನ್ನ ಲೆಕ್ಕ. ನಾನು ವೈರು, ಬ್ಯಾಟರಿ ನಂಬುವ ಮನುಷ್ಯ.

ಯಾವ ಮುದುಕಿ ಎಂದರು ಕಾಕಾ. ಅವರ ಮೀಸೆಯ ಮೇಲೆ ಮಜ್ಜಿಗೆ ಇನ್ನೂ ಹಸಿಯಾಗಿತ್ತು.

ಅವತ್ತಿನಿಂದ ನಾನು ಅವರ ಕಾಲು ನೋಡತೊಡಗಿದೆ. ಜೀಪಿನಿಂದ ಇಳಿದರೆ ಬಲಗಾಲು ಎಳೆಯುತ್ತಿತ್ತು. ಮೊದಲು ಹತ್ತು ಹೆಜ್ಜೆಗೆ ಸರಿಹೋಗುತ್ತಿದ್ದದ್ದು ಈಗ ಮನೆ ಮುಟ್ಟಿದರೂ ಸರಿಹೋಗುತ್ತಿರಲಿಲ್ಲ. ಬೆಳಿಗ್ಗೆ ಬಂದಾಗ ನೆಟ್ಟಗೆ ನಡೆಯುತ್ತಿದ್ದರು, ಅಷ್ಟೇ ಸಮಾಧಾನ. ಸಾಕು ಮಾಡಿರಿ ಎಂದು ಒಂದು ಸಲ ಅಂದೆ. ಪಕ್ಷ ಉಳಿಯಬೇಕೋ ಬೇಡವೋ ಎಂದು ಸಿಡುಕಿದರು. ವಕೀಲರಿಗಂತೂ ಹಿಗ್ಗೋ ಹಿಗ್ಗು. ಧ್ವನಿ ಹೋದ ಊರಿನಲ್ಲೆಲ್ಲ ಗಾಳಿ ತಿರುಗುತ್ತಿತ್ತು.

ಪ್ರಚಾರ ಮುಗಿಯುವ ದಿನ ಬಂತು. ಕೊನೆಯ ಊರು ಗೌಡರದೇ. ಅಲ್ಲಿಗೆ ಹೋಗುವುದು ಬೇಡ, ಮಗನ ಊರು, ಬಡಿದಾಟ ಆದೀತು ಎಂದು ನಾನೂ ಡ್ರೈವರೂ ಹೇಳಿದೆವು. ಅಲ್ಲಿ ಹೋಗದಿದ್ದರೆ ಉಳಿದ ಊರಿಗೆ ಹೋದದ್ದು ಏತಕ್ಕೆ ಎಂದರು ಕಾಕಾ. ಹೊತ್ತು ಇಳಿಯುತ್ತಿತ್ತು. ಗೌಡರ ವಾಡೆಯ ಮುಂದಿನ ಬಯಲಿನಲ್ಲಿ ಜೀಪು ನಿಂತಿತು. ವಾಡೆಯ ಮೆಟ್ಟಿಲ ಮೇಲೆ ಗೌಡರ ಮಗ ಹೊಸ ಪಕ್ಷದ ಶಾಲು ಹಾಕಿಕೊಂಡು, ಎದೆಯ ಮೇಲೆ ಕೈಕಟ್ಟಿ ನಿಂತಿದ್ದ. ಸುತ್ತ ಅವನ ಹುಡುಗರು. ಬೈಗಳು ಶುರುವಾಗುವ ಮುಂಚೆ ಕೆಮ್ಮು ಕೇಳಿಸಿತು. ಬೈಯಲು ಬಾಯಿ ತೆರೆದವರು ತೆರೆದಂತೆಯೇ ನಿಂತರು.

ಉಂಡ್ರೇನು ಎಂದಿತು ಧ್ವನಿ. ಊರು ಉಂಡ್ವಿರಿ ಎಂದಿತು. ಮಗನ ತುಟಿಗಳೂ ಅಲುಗಿದ್ದನ್ನು ನಾನು ತಾಡಪತ್ರಿಯ ಸಂದಿಯಿಂದ ಕಂಡೆ.

ಮುಂದೆ ಬರಬೇಕಾದ ಮಾತು ನನಗೆ ಬಾಯಿಪಾಠವಾಗಿತ್ತು: ಈ ಸಲವೂ ನಮ್ಮ ಹಳೇ ಪಕ್ಷದ ಕೈ ಹಿಡಿಯಿರಿ, ವಕೀಲರನ್ನು ಗೆಲ್ಲಿಸಿರಿ. ಆ ಮಾತು ಬರಲಿಲ್ಲ. ತಾಡಪತ್ರಿಯೊಳಗೆ, ನನ್ನ ಮೊಣಕಾಲಿಗೆ ತಾಗಿ ಕುಳಿತಿದ್ದ ಮನುಷ್ಯ ಕಣ್ಣು ಮುಚ್ಚಿದ್ದರು. ಹಣೆಯ ಮೇಲೆ ಬೆವರು ಹನಿಗಟ್ಟಿತ್ತು.

"ಬಾಗಲದಾಗ ನನ್ನ ಮಗ ನಿಂತಾನ," ಎಂದಿತು ಧ್ವನಿ. "ಸಣ್ಣಾಂವ ಅದಾನ, ಬುದ್ಧಿ ಸಾಲದು. ನಾ ಹೋಗೂ ಮುಂದ ಅಂವಗ ಒಂದ ಮಾತು ಹೇಳಾಕ ಆಗ್ಲಿಲ್ಲ."

ನನ್ನ ಕೈ ತಾನಾಗಿ ಸ್ವಿಚ್ಚಿಗೆ ಹೋಯಿತು. ಆಂಪ್ಲಿಫೈಯರಿನ ಕೆಂಪು ದೀಪ ಆರಿತು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಯಾರು ಕೇಳಿದರೂ ಹೇಳುತ್ತೇನೆ, ದೀಪ ಆರಿತ್ತು.

"ಅಂವನ್ನ ನಿಮ್ಮ ಉಡ್ಯಾಗ ಹಾಕೀನಿ. ಕೈ ಬಿಡಬ್ಯಾಡ್ರಿ."

ಊರಾಚೆಯ ಕೆರೆಯಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದವರಿಗೂ ಆ ಮಾತು ಕೇಳಿಸಿತಂತೆ. ಕಾಕಾನದು ಎಂಜಿನ್ನು ಮೀರಿಸುವ ಗಂಟಲು, ಹಾರ್ನು ಇಲ್ಲದೆಯೂ ಅಷ್ಟು ದೂರ ಹೋಗಿದ್ದೀತು. ನಾನು ನನಗೆ ಹಾಗೆಂದೇ ಹೇಳಿಕೊಂಡಿದ್ದೇನೆ. ಮೆಟ್ಟಿಲ ಮೇಲೆ ಮಗ ಕುಕ್ಕರಿಸಿ ಕುಳಿತು ಮುಖ ಮುಚ್ಚಿಕೊಂಡು ಅತ್ತ. ತಂದೆಯ ಮಣ್ಣಿಗೂ ಅಳದವನು. ಮುಂದಿನ ಸೀಟಿನಿಂದ ವಕೀಲರು ತಿರುಗಿ ನೋಡಿದರು. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ.

ಜೀಪು ಊರ ಹೊರಗೆ ಬಂದ ಮೇಲೆ ಕಾಕಾ ಟೊಪಿಗೆ ಹಾಕಿಕೊಂಡು, ನನ್ನ ಭುಜ ತಟ್ಟಿ, "ಛಲೋ ಆತಲ್ಲಾ? ಪಕ್ಷದ ಮಾತು ಒತ್ತಿ ಹೇಳಿದ್ನಿ," ಎಂದರು.

ನಾನು ಮೈಕಿನ ವೈರು ಸುತ್ತತೊಡಗಿದೆ.

ಗೌಡರ ಮಗ ಕೂದಲೆಳೆಯಲ್ಲಿ ಗೆದ್ದ. ಟೇಪಿನ ಗುಟ್ಟೂ ಹೊರಬಿತ್ತು. ಗಿರಣಿಯವ ತನ್ನನ್ನು ಮಾರಿಕೊಂಡ ಎಂದು ಹಳೇ ಪಕ್ಷದವರು ಶಲವಡಿಯ ಕಟ್ಟೆಯ ಮೇಲೆ ಕುಳಿತು ಕೂಗಿ ಹೇಳಿದರು. ವರ್ಷಾನುಗಟ್ಟಲೆ ಒಟ್ಟಿಗೆ ಉಂಡವರು ಕಾಳಿನ ಬುಟ್ಟಿ ಹೊತ್ತು ಬೇರೆ ಗಿರಣಿಗೆ ಹೋದರು. ಅದಕ್ಕಿಂತ ಕೆಟ್ಟದ್ದು, ಗೌಡರ ಮಗ ಹಾರ ಹಿಡಿದು ಗಿರಣಿಗೆ ಬಂದದ್ದು. ನೀವು ನಮ್ಮ ಕಡೆ ಬಂದಿರಿ, ತಂದೆಯ ಋಣ ತೀರಿಸಿದಿರಿ ಎಂದ. ಕಾಕಾ ಹಾರ ಮುಟ್ಟಲಿಲ್ಲ. ತಾನು ಪಕ್ಷ ಬಿಟ್ಟಿಲ್ಲ, ತನ್ನ ಮತವೂ ವಕೀಲರಿಗೇ ಹೋಗಿದೆ ಎಂದು ಹೇಳಿ ಬಾಗಿಲು ಹಾಕಿಕೊಂಡರಂತೆ. ಊರವರು ನಂಬಲಿಲ್ಲ. ಕಾಕಾ ಹೇಳಿದ್ದೇ ಸತ್ಯ. ಆ ಮನುಷ್ಯ ಇನ್ನೊಂದು ಗುರುತಿಗೆ ಮುದ್ರೆ ಒತ್ತಿದ್ದರೆ ಅವರ ಕೈಯೇ ಬಿದ್ದುಹೋಗುತ್ತಿತ್ತು.

ಕಾಕಾ ನನ್ನಲ್ಲಿಗೆ ಬಂದರು. ನೀನು ಬಾಜೂಕೇ ಇದ್ದೆ, ನೀನಾದರೂ ಹೇಳು, ನಾನು ಏನಂದೆ ಎಂದು ಕೇಳಿದರು. ಕೇಳಿದ್ದನ್ನು ಕೇಳಿದಂತೆ ಹೇಳಿದೆ. ಸ್ವಿಚ್ಚು ಬಂದ್ ಮಾಡಿದ್ದನ್ನೂ ಹೇಳಿದೆ. ಸ್ವಿಚ್ಚಿನ ಮಾತನ್ನು ಅವರು ಎರಡೆರಡು ಸಲ ಕೇಳಿ ತಿಳಿದುಕೊಂಡರು. ಮುಖ ಸ್ವಲ್ಪ ಅರಳಿತು. ಸ್ವಿಚ್ಚು ಬಂದ್ ಇದ್ದರೆ ಅದು ತನ್ನ ಮಾತಲ್ಲ ಎಂದರು. ಅಂಗಡಿಯ ಮೆಟ್ಟಿಲು ಇಳಿಯುವಾಗ ನಿಂತರು. ಅದು ತನ್ನ ಮಾತಲ್ಲವಾದರೆ ಮತ್ತೆ ಯಾರದು ಎಂಬುದು ಆಗ ಹೊಳೆಯಿತೆಂದು ಕಾಣುತ್ತದೆ. ತಿರುಗಿ ನೋಡದೆ ಹೋದರು.

ಅಲ್ಲಿಂದ ಮುಂದೆ ಯಾರೂ ಅವರ ಧ್ವನಿ ಕೇಳಲಿಲ್ಲ. ಮೂಕರಾದರು ಎಂದಲ್ಲ. ಪಿಸುಮಾತಿನಲ್ಲಿ ಮಾತಾಡುತ್ತಿದ್ದರು. ಪಿಸುಮಾತಿಗೆ ಗುರುತು ಇರುವುದಿಲ್ಲ, ಅದು ಯಾರದ್ದಾದರೂ ಒಂದೇ. ಎಂಜಿನ್ನಿನ ಸದ್ದಿನಲ್ಲಿ ಪಿಸುಗುಡುವ ಗಿರಣಿಯವರನ್ನು ಕಂಡು ಹುಡುಗರು ನಗುತ್ತಿದ್ದರು. ಅವರ ಬಾಯಿಗೆ ಕಿವಿ ಒಡ್ಡಿ, ಹಿಟ್ಟು ಸಣ್ಣಗೋ ದಪ್ಪಗೋ ಎಂಬುದನ್ನು ಕೈಸನ್ನೆಯಲ್ಲಿ ಹೇಳಿ, ಹೆಂಗಸರು ಹೇಗೋ ಸಂಭಾಳಿಸಿಕೊಂಡರು. ಟೊಪಿಗೆ ಮಾತ್ರ ತಲೆಯಿಂದ ಇಳಿಯಲಿಲ್ಲ. ಆ ಪಕ್ಷದ ಕಚೇರಿ ಮುಚ್ಚಿತು, ಬೋರ್ಡು ಯಾರೋ ದನದ ಕೊಟ್ಟಿಗೆಗೆ ಒಯ್ದರು. ವಕೀಲರೇ ಹೊಸ ಪಕ್ಷಕ್ಕೆ ಹೋದರು. ಇಡೀ ತಾಲೂಕಿನಲ್ಲಿ ಆ ಪಕ್ಷಕ್ಕೆ ಉಳಿದದ್ದು ಕಾಕಾ ಒಬ್ಬರೇ ಇರಬೇಕು. ಅವರನ್ನೇ ಜನ ದ್ರೋಹಿ ಎಂದರು.

ಈ ಸಲದ ಸುಗ್ಗಿಯ ಮುಂಚೆ ಅವರಿಗೆ ಮೈ ಸರಿಯಿಲ್ಲವೆಂದು ಕೇಳಿ ಶಲವಡಿಗೆ ಹೋಗಿದ್ದೆ. ಬೆಳಗಿನ ಹೊತ್ತು. ಪಡಸಾಲೆಯಲ್ಲಿ ಗೋಡೆಗೊರಗಿ ಕುಳಿತಿದ್ದರು. ಗಿರಣಿ ನಿಲ್ಲಿಸಿ ಬಹಳ ದಿನವಾಗಿದ್ದರೂ ಮುಖದ ಬಿಳುಪು ಹೋಗಿರಲಿಲ್ಲ. ಕಾಕು ಅವರ ಎದುರಿಗೇ ಕಾಲು ಚಾಚಿ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಬಿಚ್ಚುತಲೆ, ಸೆರಗು ಸೊಂಟಕ್ಕೆ. ಮಗನ ವಾರಿಗೆಯವನಾದ ನನ್ನೆದುರಿಗೆ ಅವರಿಗೆ ಎಂಥ ಸಂಕೋಚ. ಕಲ್ಲು ಬಹಳ ಇವೆ ಈ ಜೋಳದಲ್ಲಿ ಎಂದು ಗಂಡನಿಗೂ ನನಗೂ ಕೂಡಿಯೇ ದೂರು ಹೇಳುತ್ತಿದ್ದರು.

ಕಾಕಾ ನನ್ನನ್ನು ಹತ್ತಿರ ಕರೆದು ಕಿವಿಯಲ್ಲಿ ಪಿಸುಗುಟ್ಟಿದರು. ಇಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ದೇನೆ, ಈಗ ಅದು ಹೋಗಿರಬಹುದು, ಒಂದು ಮಾತು ಗಟ್ಟಿಯಾಗಿ ಆಡುತ್ತೇನೆ, ನಿನ್ನ ಕಿವಿ ಮೈಕಿನವನ ಕಿವಿ, ಯಾರ ಧ್ವನಿ ಎಂದು ಖರೆ ಹೇಳು. ಬೇಡ ಎಂದೆ. ನನ್ನ ಕೈ ಬಿಗಿಯಾಗಿ ಹಿಡಿದುಕೊಂಡರು. ಸಾಯುವ ಮುಂಚೆ ತನ್ನ ಮಾತನ್ನು ತಾನೇ ಆಡಬೇಕು ಎಂಬ ಹಟ ಆ ಬೆರಳುಗಳಲ್ಲಿತ್ತು. ನೆಟ್ಟಗೆ ಕೂಡಲಿಲ್ಲ, ಮೊಣಕಾಲ ಮೇಲೆ ಕೈ ಊರಲಿಲ್ಲ, ಕೆಮ್ಮಲಿಲ್ಲ. ಗೌಡರದು ಎನ್ನುವಂಥದ್ದು ಏನೊಂದೂ ಮೈಮೇಲೆ ಬರದ ಹಾಗೆ, ಮಗುವಿನಂತೆ ಜೋಪಾನವಾಗಿ ಬಾಯಿ ತೆರೆದರು.

"ನಾ ಪಕ್ಷಾ ಬಿಟ್ಟಿಲ್ಲ."

ಆ ಧ್ವನಿ ಯಾರದು ಎಂದು ನಾನು ಯೋಚಿಸಿದೆ. ಯೋಚಿಸುವಾಗ ಗೊತ್ತಾಯಿತು, ಕಾಕಾನ ಸ್ವಂತ ಧ್ವನಿ ಹೇಗಿತ್ತು ಎಂಬುದೇ ನನಗೆ ನೆನಪಿಲ್ಲ. ಎಷ್ಟೋ ಬೈಗಳು, ಎಷ್ಟೋ ನಗೆಮಾತು ಕೇಳಿದ್ದೇನೆ, ಒಂದೂ ಕಿವಿಯಲ್ಲಿ ಉಳಿದಿಲ್ಲ. "ನಿಮ್ದ ಐತಿ ಕಾಕಾ," ಎಂದೆ. "ಅಗದಿ ನಿಮ್ದ."

ಅವರು ನನ್ನ ಕಡೆ ನೋಡುತ್ತಿರಲಿಲ್ಲ. ಎದುರಿಗೆ ಕಾಕು ಮೊರ ಕೆಳಗಿಟ್ಟು ಗಡಬಡಿಸಿ ಎದ್ದಿದ್ದರು. ಊರ ಗೌಡರು ಮನೆಗೆ ಬಂದಾಗ ಹೆಂಗಸರು ಮಾಡುವ ಹಾಗೆ, ಸೊಂಟದ ಸೆರಗು ಬಿಚ್ಚಿ ತಲೆಯ ಮೇಲೆ ಎಳೆದುಕೊಂಡು, ಮುಖ ತಗ್ಗಿಸಿ, ಬಾಗಿಲ ಮರೆಗೆ ಹೋಗಿ ನಿಂತರು.